ದ್ರಾಕ್ಷಿ ಹಿಪ್ಪೆಯ ಸತ್ವ ತೆಗೆಯಲು ನೀರೋ, ಸ್ಪಿರಿಟ್ಟೋ, ಗ್ಲಿಸರಿನ್ನೋ?

ವೈನ್ ಹಿಂಡಿದ ಮೇಲೆ ಸಿಪ್ಪೆ, ಬೀಜ, ತೊಟ್ಟು ಸೇರಿ ಹಣ್ಣಿನ ತೂಕದ ಸುಮಾರು ಐದನೇ ಒಂದು ಪಾಲು ಹಿಪ್ಪೆ ಉಳಿಯುತ್ತದೆ. ಅದರಲ್ಲಿ ಬೆಲೆಯಿರುವುದು ಎರಡಕ್ಕೆ. ಒಂದು, ಸಿಪ್ಪೆಯಲ್ಲಿರುವ ಕೆಂಪು ಬಣ್ಣ, ಅಂದರೆ ಆಂಥೋಸಯನಿನ್. ಇನ್ನೊಂದು, ಬೀಜದಲ್ಲಿರುವ ಒಗರು, ಅಂದರೆ ಟ್ಯಾನಿನ್. ವಿಜಯಪುರದ ಕಡೆಯಿಂದ ಬರುವ ಕೆಂಪು ವೈನಿನ ಹಿಪ್ಪೆಯನ್ನು ಕಲಬುರಗಿಯಲ್ಲಿ ಮೂರು ದ್ರಾವಕಗಳಲ್ಲಿ ಇಳಿಸಿ ನೋಡಿದ್ದೇವೆ: ಬರೀ ಬಿಸಿನೀರು, ಸ್ಪಿರಿಟ್ (ಮದ್ಯಸಾರ)-ನೀರು, ಗ್ಲಿಸರಿನ್-ನೀರು. ಸಣ್ಣ ಘಟಕಕ್ಕೆ ನಾವು ಹೇಳುವುದು ಗ್ಲಿಸರಿನ್. ಆದರೆ ದ್ರಾವಕದ ಮಾತಿಗೆ ಮೊದಲು ಒಣಗಿಸುವುದನ್ನೂ ನೀರನ್ನೂ ಸರಿಮಾಡಿಕೊಳ್ಳಬೇಕು. ಇವೆರಡು ತಪ್ಪಿದರೆ ಯಾವ ದ್ರಾವಕವೂ ಕೈಹಿಡಿಯುವುದಿಲ್ಲ.

ಹಸಿ ಹಿಪ್ಪೆಯಲ್ಲಿ ಮೂರನೇ ಎರಡು ಪಾಲು ನೀರೇ. ಮಾರ್ಚ್ ಬಿಸಿಲಲ್ಲಿ ರಾಶಿ ಹಾಕಿಟ್ಟರೆ ಒಂದೇ ದಿನಕ್ಕೆ ವಿನೆಗರ್ ವಾಸನೆ ಹೊಡೆಯುತ್ತದೆ, ಆಮೇಲೆ ಬೂಷ್ಟು. ಬೂಷ್ಟು ಹಿಡಿದದ್ದನ್ನು ತೊಳೆದು ಬಳಸಬೇಡಿ; ಶಿಲೀಂಧ್ರದ ವಿಷ ತೊಳೆದರೂ ಕಾಯಿಸಿದರೂ ಹೋಗುವುದಿಲ್ಲ. ನಮ್ಮ ಕಡೆಯ ಬಿಸಿಲಿಗೆ ಮಾಳಿಗೆಯ ಮೇಲೆ ಹರವಿದರೆ ಬೇಗ ಒಣಗುತ್ತದೆ ನಿಜ, ಆದರೆ ಬಣ್ಣ ಕಂದುತ್ತದೆ. ಶಹಾಬಾದ್ ಪರ್ಸಿಯ ಮೇಲಂತೂ ನೇರವಾಗಿ ಹರವಲೇಬಾರದು. ಅದು ಸುಣ್ಣದ ಕಲ್ಲು. ಹಿಪ್ಪೆಯ ಹುಳಿ ಕಲ್ಲನ್ನು ತಿನ್ನುತ್ತದೆ, ಕಲ್ಲಿಗೆ ತಾಗಿದ ಸಿಪ್ಪೆ ನೀಲಿಗಪ್ಪಾಗುತ್ತದೆ. ಸ್ಟೀಲ್ ತಟ್ಟೆಯಲ್ಲಿ ಒಂದು ಬೆರಳು ದಪ್ಪಕ್ಕೆ ಹರಡಿ, ಟ್ರೇ ಡ್ರೈಯರಿನಲ್ಲಿ 50–55 ಡಿಗ್ರಿಗೆ ಒಣಗಿಸಿ. ಡ್ರೈಯರ್ ಇಲ್ಲದಿದ್ದರೆ ನೆರಳಲ್ಲಿ ಫ್ಯಾನ್ ಹಾಕಿ. ಸಿಪ್ಪೆ ಬೆರಳಲ್ಲಿ ಪುಡಿಯಾಗಬೇಕು, ಬೀಜ ಹಲ್ಲಿಗೆ ಕಟ್ಟೆನ್ನಬೇಕು. ಆಮೇಲೆ ಜರಡಿಯಲ್ಲಿ ಬೀಜ ಬೇರೆಮಾಡಿ ಎರಡನ್ನೂ ಬೇರೆಬೇರೆಯಾಗಿ ಬೀಸಿ. ಎರಡಕ್ಕೂ ಬೇಕಾದ ಕಾವು ಬೇರೆ.

ಇನ್ನು ನೀರು. ಶಹಾಬಾದ್, ವಾಡಿ, ಸೇಡಂ ಸುತ್ತ ಸಿಮೆಂಟ್ ಕಾರ್ಖಾನೆಗಳು ಎದ್ದಿದ್ದೇ ಸುಣ್ಣಕಲ್ಲಿನಿಂದ. ಈ ಭಾಗದ ಬೋರಿನ ನೀರಿನಲ್ಲಿ ಆ ಸುಣ್ಣ ಕರಗಿರುತ್ತದೆ. ಅದೇ ಪುಡಿಯನ್ನು ಆರ್‌ಒ ನೀರು ಮತ್ತು ಸಿಟ್ರಿಕ್ ಆಮ್ಲದಲ್ಲಿ ಹಾಕಿದರೆ ದಾಳಿಂಬೆ ಕೆಂಪು ಬರುತ್ತದೆ. ಗಡಸು ಬೋರಿನ ನೀರಲ್ಲಿ ಮಂಕಾದ ನೇರಳೆ ಬಂದು, ಕೆಲವೇ ಗಂಟೆಗಳಲ್ಲಿ ಕಂದು. ಬೋರಿನ ನೀರಿಗೇ ಸಿಟ್ರಿಕ್ ಹಾಕಿದರೆ ಸಣ್ಣ ಗುಳ್ಳೆ ಏಳುತ್ತವೆ, ನೀವು ಹಾಕಿದ ಹುಳಿಯಲ್ಲಿ ಒಂದಷ್ಟನ್ನು ನೀರೇ ತಿಂದುಹಾಕುತ್ತದೆ. ಆರ್‌ಒ ಅಥವಾ ಬಟ್ಟಿ ಇಳಿಸಿದ ನೀರೇ ಬೇಕು, ಸಿಟ್ರಿಕ್ ಹಾಕಿದ ಮೇಲೆ ಹುಳಿ ಅಳೆಯುವ ಪಿಎಚ್ ಪಟ್ಟಿ 3ರ ಆಸುಪಾಸು ತೋರಿಸಬೇಕು. ಕಬ್ಬಿಣದ ಪಾತ್ರೆ, ತುಕ್ಕು ಹಿಡಿದ ಜಾಲರಿ ಬೇಡ. ಟ್ಯಾನಿನ್‌ಗೆ ಕಬ್ಬಿಣ ಸೇರಿದರೆ ಶಾಯಿ ಆಗುತ್ತದೆ.

ಅಳತೆ ಮೂರಕ್ಕೂ ಒಂದೇ: 100 ಗ್ರಾಂ ಪುಡಿಗೆ 1 ಲೀಟರ್ ದ್ರಾವಕ, 5 ಗ್ರಾಂ ಸಿಟ್ರಿಕ್.

ಬಿಸಿನೀರು ಅಗ್ಗ, ಆದರೆ ಮೂರರಲ್ಲಿ ಸೋತದ್ದು ಇದೇ. 80 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟರೆ ಬಣ್ಣದ ಜೊತೆ ಪೆಕ್ಟಿನ್ (ಹಣ್ಣಿನ ಅಂಟು), ಉಳಿದ ಸಕ್ಕರೆ ಎಲ್ಲ ಇಳಿಯುತ್ತದೆ. ಲೋಳೆಯಾಗಿ ಬಟ್ಟೆ ಕಟ್ಟಿಕೊಳ್ಳುತ್ತದೆ. ಬೀಜದ ಒಗರು ಬಹುಪಾಲು ಒಳಗೇ ಉಳಿಯುತ್ತದೆ. ಹೊರಗಿಟ್ಟರೆ ಬೇಗ ಹುಳಿಯುತ್ತದೆ. ಅಂದೇ ಬಳಸುವ ಪಾನಕಕ್ಕಷ್ಟೇ ಸರಿ.

ಸತ್ವ ಎಳೆಯುವುದರಲ್ಲಿ ಸ್ಪಿರಿಟ್ಟೇ ಮುಂದು. ನೂರಕ್ಕೆ 95 ಪಾಲು ಮದ್ಯಸಾರವಿರುವ ಸ್ಪಿರಿಟ್ 525 ಮಿಲಿಗೆ ನೀರು ಸೇರಿಸಿ ಲೀಟರ್ ಮಾಡಿ, 50 ಡಿಗ್ರಿಯಲ್ಲಿ ಒಂದು ಗಂಟೆ ಇಡಿ. ಸೋಸಿ, ಅದೇ ಪುಡಿಗೆ ಹೊಸ ದ್ರಾವಕ ಹಾಕಿ ಇನ್ನೊಮ್ಮೆ. ಪೆಕ್ಟಿನ್ ಸ್ಪಿರಿಟ್‌ನಲ್ಲಿ ಕರಗದ್ದರಿಂದ ಸೋಸುವುದು ಸಲೀಸು. ಸ್ಪಿರಿಟ್ ವಾಪಸ್ ತೆಗೆಯಲು ನಿರ್ವಾತದಲ್ಲಿ 40–45 ಡಿಗ್ರಿ ಸಾಕು. ಅದು ಹೋದ ಮೇಲೆ ತಳದಲ್ಲಿ ಕೂರುವ ಕಂದು ಗಸಿಯನ್ನು ಚೆಲ್ಲಬೇಡಿ, ಅದರಲ್ಲಿ ಟ್ಯಾನಿನ್ ಇದೆ. ತೊಡಕಿರುವುದು ಬೇರೆ ಕಡೆ. ಸ್ಪಿರಿಟ್‌ಗೆ ಅಬಕಾರಿ ಪರವಾನಗಿ ಬೇಕು. 40 ದಾಟುವ ನಮ್ಮ ಬೇಸಿಗೆಯಲ್ಲಿ ಅರ್ಧ ನೀರು ಬೆರೆಸಿದ ಸ್ಪಿರಿಟ್ ಕೂಡ ಕಾಯಿಸದೆಯೇ ಹೊತ್ತಿಕೊಳ್ಳುವ ಆವಿ ಬಿಡುತ್ತದೆ. ಆ ಕೋಣೆಯಲ್ಲಿ ಗ್ಯಾಸ್ ಒಲೆ ಇರಲೇಬಾರದು. ಪರವಾನಗಿ ತಪ್ಪಿಸಲು ಡಿನೇಚರ್ಡ್ ಸ್ಪಿರಿಟ್ (ಕುಡಿಯಲಾಗದಂತೆ ಬೆರಕೆ ಹಾಕಿದ್ದು) ತರುವವರಿದ್ದಾರೆ. ಅದರಲ್ಲಿ ಮೆಥನಾಲ್ ಇರಬಹುದು, ತಿನ್ನುವ ವಸ್ತುವಿಗೆ ಒಂದು ಹನಿಯೂ ಸಲ್ಲದು.

ಗ್ಲಿಸರಿನ್‌ಗೆ ಆ ಪರವಾನಗಿ ಬೇಡ, ಆವಿಯ ಭಯವೂ ಇಲ್ಲ. ತೂಕದಲ್ಲಿ ಅರ್ಧ ಗ್ಲಿಸರಿನ್, ಅರ್ಧ ನೀರು. ಸಿಪ್ಪೆಗೆ 60 ಡಿಗ್ರಿಯಲ್ಲಿ ಎರಡು ಗಂಟೆ, ಬೀಜಕ್ಕೆ 75ರಲ್ಲಿ ಎರಡು ಗಂಟೆ, ನಡುನಡುವೆ ತಿರುವುತ್ತಿರಿ. ಒಗರು ಸ್ಪಿರಿಟ್‌ಗೆ ಹತ್ತಿರ ಬರುತ್ತದೆ, ಬಣ್ಣ ಸ್ವಲ್ಪ ಹಿಂದೆ. ಬಿಸಿಯಿದ್ದಾಗಲೇ ಎರಡು ಪದರ ಮಲ್ ಬಟ್ಟೆಯಲ್ಲಿ ಕಟ್ಟಿ ಕೈ ಪ್ರೆಸ್ಸಿನಲ್ಲಿ ಒತ್ತಬೇಕು, ತಣ್ಣಗಾದರೆ ಇಳಿಯುವುದೇ ಇಲ್ಲ. ಗ್ಲಿಸರಿನ್ ಆವಿಯಾಗಿ ಹೋಗದ್ದರಿಂದ ಇದರಿಂದ ಒಣಪುಡಿ ಮಾಡಲು ಬಾರದು. ಪುಡಿಯೇ ಬೇಕೆಂದರೆ ಸ್ಪಿರಿಟ್ಟೇ ಗತಿ. ಕೊಳ್ಳುವಾಗ ಐಪಿ (ಇಂಡಿಯನ್ ಫಾರ್ಮಕೊಪಿಯಾ, ಅಂದರೆ ಔಷಧದ) ದರ್ಜೆಯದನ್ನೇ ಕೊಳ್ಳಿ, ಡೈಇಥಿಲೀನ್ ಗ್ಲೈಕಾಲ್ ಎಂಬ ವಿಷದ ಪರೀಕ್ಷೆಯಾದ ವರದಿ ಕೇಳಿ ಪಡೆಯಿರಿ. ಆ ಕಲಬೆರಕೆ ಜೀವ ತೆಗೆದಿರುವುದುಂಟು.

ಅರ್ಧಕ್ಕರ್ಧ ಗ್ಲಿಸರಿನ್ ಇದ್ದರೆ ಕೆಡುವುದಿಲ್ಲ ಎಂಬುದು ತಪ್ಪು ನಂಬಿಕೆ, ಅದರ ಮೇಲೂ ಬೂಷ್ಟು ಬರುತ್ತದೆ. ಲೀಟರಿಗೆ 1 ಗ್ರಾಂ ಪೊಟ್ಯಾಸಿಯಂ ಸಾರ್ಬೇಟ್ ಹಾಕಿ. ಮೊದಲು ಸ್ವಲ್ಪ ನೀರಲ್ಲಿ ಕರಗಿಸಿ ಕಲಕುತ್ತ ಸುರಿಯಬೇಕು, ಪುಡಿಯಾಗಿ ಹುಳಿಗೆ ಬಿದ್ದರೆ ಬಿಳಿ ಹರಳು ಕಟ್ಟಿ ತಳ ಸೇರುತ್ತದೆ. ಸಾರ್ಬೇಟ್ ಬೇಡವೆಂದರೆ ಪ್ರತಿ ಕೆಜಿಗೆ 670 ಗ್ರಾಂ ಗ್ಲಿಸರಿನ್ ಇನ್ನೂ ಸೇರಿಸಿ ನೂರಕ್ಕೆ 70 ಪಾಲಿಗೆ ಏರಿಸಿ, ಸತ್ವ ಅಷ್ಟು ತೆಳುವಾಗುತ್ತದೆ. ಕಂದು ಬಾಟಲಿಗೆ ಕುತ್ತಿಗೆಯವರೆಗೆ ತುಂಬಿ ಫ್ರಿಜ್‌ನಲ್ಲಿಡಿ. ಮೇ ತಿಂಗಳಲ್ಲಿ ಹೊರಗಿಟ್ಟ ಬಾಟಲಿಯ ಕೆಂಪು ಕೆಲವೇ ವಾರಗಳಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಒಗರು ಮಾತ್ರ ಅದಕ್ಕಿಂತ ಹೆಚ್ಚು ಬಾಳುತ್ತದೆ.

ಲ್ಯಾಬಿಗೆ ಕಳಿಸುವಾಗ ಒಂದು ಮಾತು ತಿಳಿಸಿ: ವೈನರಿಯಲ್ಲಿ ಗಂಧಕದ ಕೆಎಂಎಸ್ (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್, ಕೆಡದಂತಿಡುವ ಪುಡಿ) ಹಾಕಿದ್ದರೆ, ಟ್ಯಾನಿನ್‌ನಂಥ ಫೀನಾಲುಗಳನ್ನು ಒಟ್ಟಾಗಿ ಅಳೆಯುವ ಫೋಲಿನ್ ಪರೀಕ್ಷೆಯ ಅಂಕಿ ಇರುವುದಕ್ಕಿಂತ ಹೆಚ್ಚು ಬರುತ್ತದೆ. ಬಣ್ಣಕ್ಕೆ ಪಿಎಚ್ 1.0 ಮತ್ತು 4.5ರಲ್ಲಿ ಅಳೆಯುವ ವಿಧಾನವನ್ನೇ ಕೇಳಿ.