ಬೀಗದ ಕೈಗೆ ಬಳಿದ ಬಣ್ಣ ಉಳಿಯಬೇಕಾದರೆ: ನಾನು ಹಚ್ಚಿ ನೋಡಿದ ಲೇಪಗಳು

ಬಣ್ಣ ಕಾಯಲೆಂದು ಅದರ ಮೇಲೆ ಹಚ್ಚುವ ಪಾರದರ್ಶಕ ಲೇಪಗಳಲ್ಲಿ ನನ್ನ ಮತ ಕುಂಚದಿಂದ ಹಚ್ಚುವ ನೀರು ಆಧಾರಿತ ಪಾಲಿಯುರೆಥೇನ್ ವಾರ್ನಿಷ್‌ಗೆ. ಅದಕ್ಕೆ ಬರುವ ಮೊದಲು ನಾಲ್ಕು ಸಲ ಕೈ ಸುಟ್ಟುಕೊಂಡಿದ್ದೇನೆ.

ನನ್ನ ಬಳಿ ಅವಳಿ ಜವಳಿಗಳಂತಿರುವ ಐದು ಬೀಗದ ಕೈಗಳಿವೆ. ಗುರುತು ಸಿಗಲೆಂದು ಅವುಗಳ ಹಿಡಿಗೆ ಒಂದೊಂದು ಅಕ್ರಿಲಿಕ್ ಬಣ್ಣ ಬಳಿದೆ. ಮರುದಿನವೇ ಅದರ ಮೇಲೆ ಬಣ್ಣವಿಲ್ಲದ ಅಕ್ರಿಲಿಕ್ ಸ್ಪ್ರೇ ಹೊಡೆದೆ. ವಾರದೊಳಗೆ ಕೆಂಪು ಮತ್ತು ಹಳದಿ ಕೈಗಳು ಜೇಬಿನಲ್ಲಿ ಒಂದನ್ನೊಂದು ಅಪ್ಪಿಕೊಂಡಿದ್ದವು. ಬಿಡಿಸಿದಾಗ ಹಳದಿಯ ಚೂರು ಕೆಂಪಿನ ಮೇಲೆ ಉಳಿಯಿತು. ತಪ್ಪಿನ ಅರ್ಧ ಪಾಲು ನನ್ನದು. ಅಕ್ರಿಲಿಕ್ ಗಂಟೆಯೊಳಗೆ ಒಣಗಿದಂತೆ ತೋರಿದರೂ ಪೂರ್ತಿ ಗಟ್ಟಿಯಾಗಲು ದಿನಗಳೇ ಬೇಕು, ಬೆಚ್ಚಗಾದರೆ ಮತ್ತೆ ಮೆದುವಾಗುತ್ತದೆ. ಅದೇ ಜಾತಿಯ ಸ್ಪ್ರೇಗೂ ಅದೇ ಗುಣ. ಗಾಳಿಯಲ್ಲಿ ತೇವ ಹೆಚ್ಚಿದ್ದ ದಿನ ಹೊಡೆದದ್ದಂತೂ ಬಿಳಿ ಮಂಜು ಕವಿದಂತಾಯಿತು.

ಬಣ್ಣವಿಲ್ಲದ ನೈಲ್ ಪಾಲಿಶ್: ಅದರ ದ್ರಾವಕ ಅಕ್ರಿಲಿಕ್ಕನ್ನೇ ಕರಗಿಸುತ್ತದೆ. ಒಂದೇ ಎಳೆತಕ್ಕೆ ಕೆಂಪಿನ ಮೇಲೆ ಎಳೆದಿದ್ದ ಬಿಳಿ ಗೆರೆ ಗುಲಾಬಿಯಾಯಿತು.

ಯುವಿ ರೆಸಿನ್ (ನೇರಳಾತೀತ ಬೆಳಕಿಗೆ ಗಟ್ಟಿಯಾಗುವ ಅಂಟುದ್ರವ) ಮಾತ್ರ ನನ್ನನ್ನು ಚೆನ್ನಾಗಿ ಮರುಳು ಮಾಡಿತು. ದೀಪದ ಕೆಳಗೆ ಕೆಲವೇ ನಿಮಿಷ, ಗಾಜಿನಂತಹ ಹೊಳಪು. ಗಾಳಿಯ ಆಮ್ಲಜನಕ ತಾಗುವ ಮೇಲ್ಪದರ ಅಂಟಂಟಾಗಿ ಉಳಿಯುವುದರಿಂದ ಅದನ್ನು ಆಲ್ಕೋಹಾಲಿನಿಂದ ಒರೆಸಬೇಕು. ರೆಸಿನ್ ತೆಳುವಾಗಿದ್ದ ಕಡೆ ಆ ಬಟ್ಟೆಗೆ ನೀಲಿಯೂ ಬಂತು. ಅಷ್ಟನ್ನು ಸಹಿಸಿಕೊಂಡೆ.

ಸಹಿಸಲಾಗದೇ ಹೋದದ್ದು ಅಂಚು. ಹರಿಯುವ ರೆಸಿನ್ ಮೇಲ್ಮೈ ಸೆಳೆತದಿಂದಾಗಿ ಚೂಪಾದ ಅಂಚಿನಿಂದ ಹಿಂದೆ ಸರಿದು ನಡುವೆ ದಪ್ಪಗೆ ನಿಲ್ಲುತ್ತದೆ. ಆದರೆ ಪಕ್ಕದ ಬೀಗದ ಕೈ, ಚಿಲ್ಲರೆ, ಬೆರಳು ಎಲ್ಲವೂ ತಿಕ್ಕುವುದು ಆ ಅಂಚಿಗೇ. ಮೂರನೆಯ ವಾರ ಮೂಲೆಯಲ್ಲಿ ಸಾಸಿವೆಯಷ್ಟು ಲೋಹ ಕಂಡಿತು. ಸುಮ್ಮನಿರಲಾರದೆ ಉಗುರು ತೂರಿಸಿದೆ. ಇಡೀ ಪದರ ಹಾವಿನ ಪೊರೆಯಂತೆ ಕಳಚಿ ಬಂತು, ನೀಲಿ ಬಣ್ಣವನ್ನೂ ಬೆನ್ನಿಗೆ ಕಟ್ಟಿಕೊಂಡು.

ಕಳಚಿದ್ದನ್ನು ತಿರುಗಿಸಿ ನೋಡಿದಾಗ ವಿಷಯ ತಿಳಿಯಿತು. ರೆಸಿನ್ ಬಣ್ಣವನ್ನು ಭದ್ರವಾಗಿಯೇ ಹಿಡಿದಿತ್ತು. ಲೋಹವನ್ನು ಹಿಡಿಯದೇ ಇದ್ದದ್ದು ಬಣ್ಣ. ನುಣುಪಾದ ಲೋಹ ಏನನ್ನೂ ಹೀರುವುದಿಲ್ಲ, ಜೊತೆಗೆ ಬೆರಳಿನ ಜಿಡ್ಡು ಬೇರೆ. ಈಗ ಅಂಚನ್ನು ಅರದಿಂದ ದುಂಡಗೆ ಮಾಡಿ, 400ರ ಉಜ್ಜುಕಾಗದದಿಂದ ತಿಕ್ಕಿ, ಆಲ್ಕೋಹಾಲಿನಿಂದ ಒರೆಸಿ, ಲೋಹದ ಪ್ರೈಮರ್ (ಬಣ್ಣ ಹಿಡಿಯಲು ಮೊದಲು ಹಚ್ಚುವ ತಳಲೇಪ) ಹಚ್ಚಿದ ಮೇಲೆಯೇ ಬಣ್ಣ. ಬೀಗದೊಳಗೆ ಹೋಗುವ ಹಲ್ಲುಗಳ ಕಡೆಗೆ ಏನನ್ನೂ ತಾಗಿಸುವುದಿಲ್ಲ.

ಎರಡು ದ್ರವಗಳನ್ನು ಬೆರೆಸಿ ಗಟ್ಟಿಯಾಗಿಸುವ ಎಪಾಕ್ಸಿ ಅಂಟನ್ನು ಒಮ್ಮೆ ಮಾತ್ರ ಕಲಸಿದೆ. ಹನಿಗಳ ಲೆಕ್ಕದಲ್ಲಿ ಅಳತೆ ತಪ್ಪಿತು, ಅದು ಗಟ್ಟಿಯಾಗಲೇ ಇಲ್ಲ. ವಾಹನಗಳಿಗೆ ಹೊಡೆಯುವ ಎರಡು ಭಾಗಗಳ ಸ್ಪ್ರೇ ಎಲ್ಲಕ್ಕಿಂತ ಗಟ್ಟಿ ಎನ್ನುತ್ತಾರೆ, ಆದರೆ ಅದರಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ಶ್ವಾಸಕೋಶಕ್ಕೆ ಅಪಾಯ. ಐದು ಬೀಗದ ಕೈಗಳಿಗಾಗಿ ಉಸಿರಾಟದ ಕವಚ ಕೊಳ್ಳುವವನು ನಾನಲ್ಲ.

ಪಾಲಿಯುರೆಥೇನ್ ಡಬ್ಬಿಯಲ್ಲಿ ಹಾಲಿನಂತಿದ್ದು ಒಣಗಿದಾಗ ತಿಳಿಯಾಗುತ್ತದೆ. ಕುಲುಕಿದರೆ ಗುಳ್ಳೆ ಏಳುತ್ತದೆ, ಕಡ್ಡಿಯಿಂದ ನಿಧಾನವಾಗಿ ಕದಡಬೇಕು. ಹಸಿ ಅಕ್ರಿಲಿಕ್ ಮೇಲೆ ಹಚ್ಚಿದರೆ ಬಣ್ಣ ಕುಂಚಕ್ಕೆ ಬರುತ್ತದೆ. ಹಾಗಾಗಿ ವಾರ ಕಾದು, ಕೆಲವು ಗಂಟೆಗಳ ಅಂತರದಲ್ಲಿ ಮೂರು ತೆಳು ಪದರ, ಆಮೇಲೆ ಮೂರು ವಾರ ದಾರದಲ್ಲಿ ನೇತಾಟ. ಅವಸರದವರಿಗೆ ಇದು ಹೇಳಿ ಮಾಡಿಸಿದ್ದಲ್ಲ. ನನಗೆ ಹಿಡಿಸಿದ್ದು ಇದು ಸೋಲುವ ರೀತಿ: ಪೊರೆಯಾಗಿ ಕಳಚದೆ ಚೂರು ಚೂರಾಗಿ ಸವೆಯುತ್ತದೆ, ಸವೆದಲ್ಲಿ ಕುಂಚ ಆಡಿಸಿದರಾಯಿತು. ದೀಪ ಬೇಕಿಲ್ಲ, ಕಟ್ಟಿಕೊಳ್ಳುವ ಸ್ಪ್ರೇ ಮೂತಿಯೂ ಇಲ್ಲ. ಸಣ್ಣ ಡಬ್ಬಿಯಲ್ಲಿ ಇನ್ನೂ ಮುಕ್ಕಾಲು ಪಾಲು ಉಳಿದಿದೆ.

ಗೊಂಚಲಿನ ಬಳೆ ತೂರುವ ತೂತಿನ ಸುತ್ತ ಮಾತ್ರ ಯಾವ ಲೇಪವೂ ನಿಂತಿಲ್ಲ. ಅಲ್ಲಿ ಈಗ ಬಣ್ಣವನ್ನೇ ಬಳಿಯುವುದಿಲ್ಲ.