ಮಿಸಿಸಿಪ್ಪಿ ಜಾನ್ ಹರ್ಟ್ 1928ರ ಹಾಡುಗಳು: ವರ್ಷಗಟ್ಟಲೆ ಕೇಳಿದ ಮೇಲೆ

ಅಮೆರಿಕದ ಮಿಸಿಸಿಪ್ಪಿಯ ಬ್ಲೂಸ್ ಗಾಯಕ, ಗಿಟಾರ್ ವಾದಕ ಜಾನ್ ಹರ್ಟ್ 1928ರಲ್ಲಿ ಓಕೆ ಅನ್ನೋ ರೆಕಾರ್ಡ್ ಕಂಪನಿಗಾಗಿ ಹಾಡಿದ 13 ಹಾಡುಗಳು ‘ಅವಲಾನ್ ಬ್ಲೂಸ್’ ಅನ್ನೋ ಒಂದೇ ಸಿಡಿಯಲ್ಲಿವೆ. ಕೊಲಂಬಿಯಾ ಲೆಗಸಿ ಇದನ್ನು ತಂದಿದ್ದು 1996ರಲ್ಲಿ. ನಾನು ವರ್ಷಗಳಿಂದ ಕೇಳುತ್ತಿದ್ದೇನೆ, ಇನ್ನೂ ಬೇಸರ ಬಂದಿಲ್ಲ. ಅಮೆರಿಕದ ಕಪ್ಪು ಜನರ ಹಾಡಾದ ಬ್ಲೂಸ್ ಅಂದ್ರೆ ಗಂಟಲು ಬಿರಿಯುವಂತೆ ಹಾಡುವುದು ಅಂತ ದೂರ ಇರುವವರಿಗೆ ನಾನು ಮೊದಲು ಕೊಡುವುದು ಇದನ್ನೇ. ಹರ್ಟ್ ದನಿ ಏರಿಸುವುದೇ ಇಲ್ಲ. ಪಕ್ಕದಲ್ಲಿ ಕೂತವರಿಗೆ ಕೇಳಿದರೆ ಸಾಕು ಅನ್ನುವಷ್ಟು ಮೆತ್ತಗೆ ಹಾಡುತ್ತಾರೆ.

ಆದರೆ ನನ್ನನ್ನು ಇಷ್ಟು ವರ್ಷ ಹಿಡಿದಿಟ್ಟಿದ್ದು ಅವರ ಗಿಟಾರ್. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಒಂದಾದ ಮೇಲೊಂದು, ಎಲ್ಲೂ ತಪ್ಪದೆ ನಡೆಯುತ್ತಲೇ ಇರುತ್ತದೆ. ಉಳಿದ ಬೆರಳುಗಳು ಮೇಲಿನ ತಂತಿಗಳಲ್ಲಿ ಹಾಡಿನ ಧಾಟಿಯನ್ನೇ ನುಡಿಸುತ್ತವೆ. ಅದರ ಮೇಲೆ ದನಿ. ಕೆಲವು ಕಡೆ ಸಾಲಿನ ಕೊನೆಯ ಮಾತನ್ನು ಬಾಯಿ ಬಿಟ್ಟುಬಿಡುತ್ತದೆ, ಗಿಟಾರ್ ಮುಗಿಸುತ್ತದೆ. ಮೊದಮೊದಲು ಇಬ್ಬರು ನುಡಿಸುತ್ತಿದ್ದಾರೆ ಅನ್ನಿಸುತ್ತದೆ. ‘ಫ್ರ್ಯಾಂಕಿ’ ಹಾಕಿ, ಹಾಡು ಮರೆತು ಬರೀ ಹೆಬ್ಬೆರಳನ್ನೇ ಹಿಂಬಾಲಿಸಿ ನೋಡಿ. ಆ ವೇಗದಲ್ಲೂ ಒಂದು ಚೂರು ಗಡಿಬಿಡಿ ಇಲ್ಲ. ಇದನ್ನು ಅವರು ಯಾರ ಹತ್ತಿರವೂ ಕಲಿತದ್ದಲ್ಲ, ಸ್ವಂತ ಕಲಿಕೆ.

ಸಾಹಿತ್ಯ ತಲೆಗೆ ಹತ್ತಲು ಸಮಯ ಬೇಕು. ‘ಲೂಯಿಸ್ ಕಾಲಿನ್ಸ್’ ಜೋಗುಳದ ಹಾಗೆ ಕೇಳುತ್ತದೆ, ಆದರೆ ಅದು ಗುಂಡೇಟಿಗೆ ಸತ್ತ ಹುಡುಗನ ಕಥೆ. ತಾಯಿ ಅಳುತ್ತಾಳೆ, ಧಾಟಿ ಮಾತ್ರ ಕದಲುವುದಿಲ್ಲ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ‘ಸ್ಪೈಕ್ ಡ್ರೈವರ್ ಬ್ಲೂಸ್’. ಸುತ್ತಿಗೆ ಹಿಡಿದು ಯಂತ್ರದ ಜೊತೆ ಪೈಪೋಟಿಗಿಳಿದು, ಗೆದ್ದು ಸತ್ತ ಜಾನ್ ಹೆನ್ರಿಯನ್ನು ಅಮೆರಿಕದ ಜನಪದ ಹಾಡುಗಳು ವೀರನೆಂದು ಹೊಗಳುತ್ತವೆ. ಈ ಹಾಡಿನ ಕೂಲಿಯವನು ಬೇರೆ ಮಾತಾಡುತ್ತಾನೆ. ಜಾನ್ ಹೆನ್ರಿಯನ್ನು ಕೊಂದ ಸುತ್ತಿಗೆ ನನ್ನನ್ನು ಕೊಲ್ಲಲಾರದು, ತಗೊಂಡು ಹೋಗಿ ಮೇಸ್ತ್ರಿಗೆ ಕೊಡಿ, ನಾನು ಹೊರಟೆ ಅಂತಾನೆ. ಹರ್ಟ್ ಹೊಲದಲ್ಲಿ ದುಡಿದು ಬದುಕಿದವರು ಅಂತ ಗೊತ್ತಿದ್ದರೆ ಆ ಮಾತಿನ ತೂಕವೇ ಬೇರೆ ಅಲ್ವಾ?

ಇವು ಉಳಿದಿರುವುದೇ ದೊಡ್ಡದು. ಊರಿನ ಪಿಟೀಲುಗಾರ ವಿಲ್ಲಿ ನಾರ್ಮರ್ ಇವರ ಹೆಸರು ಹೇಳಿದ್ದರಿಂದ ಓಕೆಯವರು ಹರ್ಟ್‌ರನ್ನು ಫೆಬ್ರುವರಿಯಲ್ಲಿ ಮೆಂಫಿಸ್‌ಗೆ ಕರೆಸಿದರು. ಅಲ್ಲಿ ಹಾಡಿದ ಎಂಟರಲ್ಲಿ ಹೊರಬಂದದ್ದು ಎರಡೇ. ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ಗೆ ಹೋದಾಗ ತಮ್ಮೂರು ಅವಲಾನ್‌ನ ನೆನಪಲ್ಲಿ ‘ಅವಲಾನ್ ಬ್ಲೂಸ್’ ಹಾಡಿದರು. ಆಮೇಲೆ ಆರ್ಥಿಕ ಕುಸಿತ ಬಂತು, ಇವರು ಹೊಲಕ್ಕೆ ಮರಳಿದರು. 1963ರಲ್ಲಿ ಟಾಮ್ ಹಾಸ್ಕಿನ್ಸ್ ಅನ್ನೋ ಬ್ಲೂಸ್ ಪ್ರೇಮಿ ಆ ಹಾಡಲ್ಲಿದ್ದ ಊರಿನ ಹೆಸರನ್ನೇ ಹಿಡಿದು ಹುಡುಕಿಕೊಂಡು ಹೋದಾಗ ಹರ್ಟ್ ಅದೇ ಸುತ್ತಮುತ್ತ ಇದ್ದರು. ಅದೇ ವರ್ಷ ನ್ಯೂಪೋರ್ಟ್ ಜನಪದ ಉತ್ಸವದಲ್ಲಿ ಹಾಡಿದರು. 1966ರಲ್ಲಿ ತೀರಿಕೊಂಡರು.

ಸದ್ದಿನ ಗುಣಮಟ್ಟದ ಬಗ್ಗೆ ಹೇಳಲೇಬೇಕು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಗ್ರಾಮಫೋನ್ ತಟ್ಟೆಗಳಿಂದ ತೆಗೆದದ್ದು, ಹಾಗಾಗಿ ಚರಚರ ಸದ್ದು ಇದ್ದೇ ಇದೆ. ನಿಮಗೆ ಅದು ಸಹಿಸಲಾಗದಿದ್ದರೆ ಇದು ನಿಮಗಲ್ಲ. ನನಗಂತೂ ಸ್ವಲ್ಪ ಹೊತ್ತಾದ ಮೇಲೆ ಅದು ಕೇಳಿಸುವುದೇ ಇಲ್ಲ. ಇದೇ ಹಾಡುಗಳನ್ನು ತೀರಾ ಸ್ವಚ್ಛ ಮಾಡಿದ ಸಂಗ್ರಹಗಳನ್ನೂ ಆನ್‌ಲೈನ್‌ನಲ್ಲಿ ಕೇಳಿದ್ದೇನೆ. ಚರಚರ ಹೋಯಿತು, ಜೊತೆಗೆ ತಂತಿಯ ಮೇಲೆ ಬೆರಳು ತಾಗುವ ಆ ಚುರುಕೂ ಹೋಯಿತು. ಅದು ನನಗೆ ಬೇಡ. ಇನ್ನೊಂದು, ಸಣ್ಣ ಸ್ಪೀಕರ್‌ನಲ್ಲಿ ಹಾಕಿದರೆ ಹೆಬ್ಬೆರಳಿನ ನಡೆಯೇ ಮಾಯ. ಸಾಧಾರಣ ಹೆಡ್‌ಫೋನ್ ಆದ್ರೂ ಸಾಕು, ಹಾಕಿಕೊಂಡು ಕೇಳಿ.

13 ಹಾಡುಗಳನ್ನೂ ಒಂದೇ ಸಲ ಕೇಳಬೇಡಿ. ಗಿಟಾರ್ ಕಲಿಯುವವರಾದರೆ ಇದರ ಜೊತೆಗೆ ವ್ಯಾನ್‌ಗಾರ್ಡ್ ರೆಕಾರ್ಡ್ ಕಂಪನಿಯವರು 1966ರಲ್ಲಿ ತಂದ ‘ಟುಡೇ’ ಆಲ್ಬಮ್ ಕೂಡ ಇಟ್ಟುಕೊಳ್ಳಿ. ‘ಲೂಯಿಸ್ ಕಾಲಿನ್ಸ್’, ‘ಕ್ಯಾಂಡಿ ಮ್ಯಾನ್’ ಎರಡೂ ಅದರಲ್ಲಿವೆ. ದನಿಗೆ ವಯಸ್ಸಾಗಿದೆ, ರೆಕಾರ್ಡಿಂಗ್ ತಿಳಿಯಾಗಿದೆ. ಬೆರಳು ಎಲ್ಲೆಲ್ಲಿ ಬೀಳುತ್ತದೆ ಅಂತ ಅಲ್ಲಿ ಪತ್ತೆ ಮಾಡಿಕೊಂಡು, ಆಮೇಲೆ 1928ರದ್ದಕ್ಕೆ ಬನ್ನಿ.