ವಿಸರ್ಜನಾ ದೀಪದ ಹವ್ಯಾಸಕ್ಕೆ ಎಸಿ ರಿಪೇರಿಯ ವ್ಯಾಕ್ಯೂಮ್ ಪಂಪ್: ಹತ್ತು ತಿಂಗಳ ಬಳಕೆಯ ನಂತರ

ಫ್ರಿಜ್ ಮತ್ತು ಎಸಿ ರಿಪೇರಿ ಮಾಡುವವರು ಗ್ಯಾಸ್ ತುಂಬುವ ಮುನ್ನ ಪೈಪಿನೊಳಗಿನ ಗಾಳಿಯನ್ನೂ ತೇವವನ್ನೂ ಹೊರತೆಗೆಯಲು ಬಳಸುವ ಎರಡು ಹಂತದ ರೋಟರಿ ವೇನ್ ಪಂಪನ್ನು ನಾನು ಹತ್ತು ತಿಂಗಳಿಂದ ಬೇರೆಯದೇ ಕೆಲಸಕ್ಕೆ ಬಳಸುತ್ತಿದ್ದೇನೆ. ಗಾಜಿನ ನಳಿಕೆಯೊಳಗೆ ಗಾಳಿಯನ್ನು ವಿರಳಗೊಳಿಸಿ, ಅದರ ಮೂಲಕ ವಿದ್ಯುತ್ ಹರಿಸಿ, ಅನಿಲವನ್ನೇ ಬೆಳಗಿಸುವ ವಿಸರ್ಜನಾ ದೀಪಗಳನ್ನು ಮನೆಯಲ್ಲಿ ಮಾಡುವುದು ನನ್ನ ಹವ್ಯಾಸ. ನಿಮಿಷಕ್ಕೆ ಸುಮಾರು 70 ಲೀಟರ್ ಗಾಳಿ ಎಳೆಯುವ ಈ ಪಂಪನ್ನು ಬೆಂಗಳೂರಿನ ಒಂದು ಬಿಡಿಭಾಗದ ಅಂಗಡಿಯಲ್ಲಿ ಏಳೂವರೆ ಸಾವಿರ ರೂಪಾಯಿಗೆ ಕೊಂಡೆ. ಪ್ರಯೋಗಾಲಯದ ದುಬಾರಿ ಪಂಪ್ ಇಲ್ಲದೆ ಈ ಹವ್ಯಾಸಕ್ಕೆ ಕೈ ಹಾಕಬಹುದೇ ಎಂದು ಯೋಚಿಸುತ್ತಿರುವವರಿಗಾಗಿ ಈ ವಿಮರ್ಶೆ.

ಅನಿಲ ಬೆಳಗುವುದನ್ನು ನಾವೆಲ್ಲರೂ ಕಂಡೇ ಇರುತ್ತೇವೆ. ಎಲೆಕ್ಟ್ರಿಷಿಯನ್ ಜೇಬಿನಲ್ಲಿರುವ ಟೆಸ್ಟರಿನ ಕಿತ್ತಳೆ ಬಣ್ಣದ ಬೆಳಕು ನಿಯಾನ್ ಅನಿಲದ್ದು. ಹಳೆಯ ಟ್ಯೂಬ್‌ಲೈಟಿನ ಸ್ಟಾರ್ಟರ್ ಒಳಗೆ ಮಿನುಗುವ ಪುಟ್ಟ ಗಾಜಿನ ಬುರುಡೆಯೂ ವಿಸರ್ಜನಾ ದೀಪವೇ. ಇಂಥದ್ದನ್ನು ನಾವೇ ಮಾಡಬೇಕಾದರೆ ಒತ್ತಡವನ್ನು ಬಹಳ ತಗ್ಗಿಸಬೇಕು. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 760 ಟಾರ್. 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 680. ಅದನ್ನು ಒಂದು ಟಾರ್ ಆಸುಪಾಸಿಗೆ ಇಳಿಸಿದಾಗ ಒಂದೆರಡು ಸಾವಿರ ವೋಲ್ಟಿಗೆ ನಳಿಕೆ ಹೊತ್ತಿಕೊಳ್ಳುತ್ತದೆ. 1857ರಲ್ಲಿ ಬಾನ್ ನಗರದ ಗಾಜಿನ ಕುಶಲಕರ್ಮಿ ಹೈನ್ರಿಚ್ ಗೈಸ್ಲರ್ ಇದನ್ನು ಪಾದರಸದ ಪಂಪಿನಿಂದ ಸಾಧಿಸಿದ್ದ. ನನ್ನ ಪಂಪಿಗೆ ಇದು ಕೆಲವೇ ಸೆಕೆಂಡುಗಳ ಕೆಲಸ.

ಈ ವೇಗವೇ ಆರಂಭದಲ್ಲಿ ನನಗೆ ತೊಡಕಾಯಿತು. ಪ್ರಯೋಗಾಲಯದ ಗಾಜಿನ ಸಾಮಾನು ಮಾಡುವವರಿಂದ 20 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ಅಗಲದ ಬೋರೋಸಿಲಿಕೇಟ್ ನಳಿಕೆಯೊಂದನ್ನು ಎರಡೂ ತುದಿಗೆ ಟಂಗ್‌ಸ್ಟನ್ ತಂತಿ ಕೂರಿಸಿ ಮಾಡಿಸಿಕೊಂಡಿದ್ದೆ. ಪಂಪ್ ಚಾಲೂ ಮಾಡಿದರೆ ನೋಡಬೇಕಾದ ಹಂತಗಳೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಹೋಗುತ್ತಿದ್ದವು. ಪಂಪಿಗೂ ನಳಿಕೆಗೂ ನಡುವೆ ಒಂದು ಬಾಲ್ ವಾಲ್ವನ್ನೂ, ಹೊರಗಿನ ಗಾಳಿಯನ್ನು ಹನಿಹನಿಯಾಗಿ ಒಳಬಿಡುವ ಒಂದು ನೀಡಲ್ ವಾಲ್ವನ್ನೂ ಹಾಕಿದ ಮೇಲೆಯೇ ಒತ್ತಡ ನನ್ನ ಹಿಡಿತಕ್ಕೆ ಬಂದದ್ದು. ಪಂಪಿನ ಬೆಲೆಗೆ ಈ ಎರಡು ವಾಲ್ವುಗಳ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು.

ವಿದ್ಯುತ್ತಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಕ್ಕ ಹಳೆಯ ಎಲ್‌ಸಿಡಿ ಮಾನಿಟರಿನ ಬ್ಯಾಕ್‌ಲೈಟ್ ಇನ್ವರ್ಟರ್, ಅಂದರೆ ಪರದೆಯ ಹಿಂದಿನ ದೀಪಕ್ಕೆ ಹೈವೋಲ್ಟೇಜ್ ಒದಗಿಸುವ ಸರ್ಕೀಟ್, ಬಳಸಿದ್ದೇನೆ. ಎರಡು ಹೈವೋಲ್ಟೇಜ್ ಡಯೋಡ್ ಮತ್ತು ಕೆಪಾಸಿಟರ್ ಸೇರಿಸಿ ಡಿಸಿ ಮಾಡಿಕೊಂಡಿದ್ದೇನೆ. ಕೆಲವರು ನಿಯಾನ್ ಬೋರ್ಡಿನ 15,000 ವೋಲ್ಟ್, 30 ಮಿಲಿಆಂಪಿಯರ್ ಟ್ರಾನ್ಸ್‌ಫಾರ್ಮರ್ ತರುತ್ತಾರೆ. ದಯವಿಟ್ಟು ಅದರಿಂದ ಶುರು ಮಾಡಬೇಡಿ. ಅಷ್ಟು ವಿದ್ಯುತ್ತು ಪ್ರಾಣ ತೆಗೆಯಬಲ್ಲದು. ಮೇಲಾಗಿ ಒಳ್ಳೆಯ ನಿರ್ವಾತಕ್ಕೆ ಅಂಥ ವೋಲ್ಟೇಜ್ ಜೊತೆಯಾದರೆ ಎಕ್ಸ್‌ಕಿರಣ ಹುಟ್ಟುತ್ತದೆ, 1895ರಲ್ಲಿ ರಾಂಟ್‌ಜೆನ್ ಅದನ್ನು ಕಂಡುಹಿಡಿದದ್ದು ಇಂಥದೇ ನಳಿಕೆಯಿಂದ. ನನ್ನ ಸಣ್ಣ ಸರ್ಕೀಟನ್ನೂ ಆರಿಸಿದ ಮೇಲೆ ಕೆಪಾಸಿಟರಿನ ಚಾರ್ಜನ್ನು ರೆಸಿಸ್ಟರ್ ಮೂಲಕ ಇಳಿಸದೆ ನಾನು ಮುಟ್ಟುವುದಿಲ್ಲ.

ಒತ್ತಡ ಒಂದೆರಡು ಟಾರ್‌ಗೆ ಬಂದಾಗ ಕೋಣೆಯ ದೀಪ ಆರಿಸಿ ನೋಡಬೇಕು. ಮೊದಲು ನಳಿಕೆಯ ನಡುವೆ ನೇರಳೆ ಬಣ್ಣದ ತೆಳುವಾದ ಎಳೆಯೊಂದು ನಡುಗುತ್ತಾ ಕಾಣಿಸುತ್ತದೆ. ನೀಡಲ್ ವಾಲ್ವನ್ನು ಒಂದಿಷ್ಟು ಬಿಗಿಮಾಡಿದರೆ ಅದು ಹಿಗ್ಗಿ ನಳಿಕೆಯ ತುಂಬ ಗುಲಾಬಿ ಬೆಳಕಾಗುತ್ತದೆ. ಇನ್ನೂ ಬಿಗಿಮಾಡಿದರೆ ಆ ಬೆಳಕು ತುಂಡುತುಂಡಾಗಿ, ಕೈತುಂಬ ತೊಟ್ಟ ಬಳೆಗಳಂತೆ ಸಾಲುಗಟ್ಟಿ ನಿಲ್ಲುತ್ತದೆ. ಋಣ ತುದಿಯ ಎದುರು ನೀಲಿ ಬೆಳಕಿನ ಒಂದು ಪದರ, ತುದಿಗೂ ಪದರಕ್ಕೂ ನಡುವೆ ಕತ್ತಲೆಯ ಒಂದು ಜಾಗ. ಒಂದು ಟಾರ್‌ನಲ್ಲಿ ಕೆಲವೇ ಮಿಲಿಮೀಟರ್ ಇದ್ದ ಈ ಕತ್ತಲು ಒತ್ತಡ ಇಳಿದಂತೆ ಬೆಳೆಯುತ್ತದೆ. ನಳಿಕೆಯ ಪಕ್ಕದಲ್ಲಿ ಸ್ಕೇಲ್ ಕಟ್ಟಿ ಅಳೆಯುತ್ತಾ ಬಂದೆ: ಐದು ಸೆಂಟಿಮೀಟರ್ ದಾಟಿತೆಂದರೆ ಒತ್ತಡ ನೂರು ಮೈಕ್ರಾನಿಗಿಂತ, ಅಂದರೆ ಟಾರ್‌ನ ಹತ್ತನೇ ಒಂದು ಭಾಗಕ್ಕಿಂತ ಕೆಳಗಿದೆ ಎಂದೇ ಅರ್ಥ. ಪಂಪಿನ ಜೊತೆ ಸಾಮಾನ್ಯವಾಗಿ ಬಳಸುವ ಮುಳ್ಳಿನ ಗೇಜ್ ಈ ಹಂತದಲ್ಲಿ ಏನನ್ನೂ ಹೇಳುವುದಿಲ್ಲ, ನಳಿಕೆ ಹೇಳುತ್ತದೆ.

ಹಾಗೆಂದು ಎಲ್ಲವೂ ಮೊದಲ ದಿನವೇ ಸರಿಯಾಗಲಿಲ್ಲ. ಪಂಪಿನ ಮೇಲಿನ ಚೀಟಿಯಲ್ಲಿ 15 ಮೈಕ್ರಾನ್ ಎಂದು ಬರೆದಿದ್ದರೂ ನನಗೆ ಸಿಗುತ್ತಿದ್ದದ್ದು 300. ಜೊತೆಗೆ ಬಂದ ಅಡಾಪ್ಟರಿನ ಓ-ರಿಂಗ್ ಸೀಳಿತ್ತು. ಅಂಗಡಿಯವರು ಬದಲಿಸಿಕೊಡಲು ಒಪ್ಪಲಿಲ್ಲ. ಹೊಸದನ್ನು ಹಾಕಿದರೂ 200ಕ್ಕಿಂತ ಕೆಳಗಿಳಿಯಲಿಲ್ಲ. ನಮ್ಮ ಬೀದಿಯ ಎಸಿ ಮೆಕ್ಯಾನಿಕ್ ತಮ್ಮ ಡಿಜಿಟಲ್ ಮೈಕ್ರಾನ್ ಗೇಜ್ ತಂದು ನೋಡಿ, ಪಂಪಿನ ಕಿಟಕಿಗೆ ಬೆರಳು ತೋರಿಸಿ, "ಎಣ್ಣೆ ನೋಡಿ ಸಾರ್, ಮಜ್ಜಿಗೆ ಆಗ್ಬಿಟ್ಟಿದೆ" ಎಂದರು. ಮಳೆಗಾಲದ ತೇವವೆಲ್ಲ ಎಣ್ಣೆಗೆ ಸೇರಿ ಅದು ಬೆಳ್ಳಗಾಗಿತ್ತು. ಪಂಪ್ ಬಿಸಿಯಾಗಿರುವಾಗಲೇ ಎಣ್ಣೆ ಬಸಿದು ಹೊಸ ವ್ಯಾಕ್ಯೂಮ್ ಎಣ್ಣೆ ತುಂಬಿ, ಗ್ಯಾಸ್ ಬಲ್ಲಾಸ್ಟ್ (ಪಂಪಿನೊಳಗೆ ತುಸು ಗಾಳಿ ಬಿಟ್ಟು ತೇವವನ್ನು ಹೊರಹಾಕುವ ವಾಲ್ವ್) ತೆರೆದು ಇಪ್ಪತ್ತು ನಿಮಿಷ ಓಡಿಸಿದ ಮೇಲೆ, ಎಸಿಯವರ ಬಣ್ಣದ ಹೋಸ್ ತೆಗೆದು ದಪ್ಪ ಗೋಡೆಯ ಗಿಡ್ಡ ರಬ್ಬರ್ ಕೊಳವೆ ಹಾಕಿದ ಮೇಲೆ, ಗೇಜ್ 60ಕ್ಕೆ ಬಂದು ನಿಂತಿತು. ಈ ಕೆಲಸಕ್ಕೆ ಅಷ್ಟು ಸಾಕು.

ಪಂಪಿನ ಸದ್ದು ಹಿಟ್ಟು ರುಬ್ಬುವ ಗ್ರೈಂಡರಿನಷ್ಟಿದೆ. ಹೊರಬಿಡುವ ಗಾಳಿಯಲ್ಲಿ ಎಣ್ಣೆಯ ಮಂಜಿರುವುದರಿಂದ ಅದನ್ನು ಕೊಳವೆಯಿಂದ ಕಿಟಕಿಯಾಚೆ ಬಿಡಬೇಕು. ಇದರಲ್ಲಿ ಹಿಮ್ಮುಖ ತಡೆಯುವ ವಾಲ್ವ್ ಇಲ್ಲದಿರುವುದನ್ನು ಮಾತ್ರ ನಾನು ದೊಡ್ಡ ಕೊರತೆಯೆಂದೇ ಹೇಳುತ್ತೇನೆ. ಒಮ್ಮೆ ಕರೆಂಟ್ ಹೋದಾಗ ನಿರ್ವಾತವು ಪಂಪಿನ ಎಣ್ಣೆಯನ್ನು ಕೊಳವೆಯ ಮೂಲಕ ಎಳೆದುಕೊಂಡು ನಳಿಕೆಯನ್ನೆಲ್ಲ ಜಿಡ್ಡು ಮಾಡಿತು. ಅದನ್ನು ತೊಳೆದು ಒಣಗಿಸಲು ಎರಡು ದಿನ ಹಿಡಿಯಿತು. ಆರಿಸುವ ಮೊದಲು ಬಾಲ್ ವಾಲ್ವ್ ಮುಚ್ಚಿ ಪಂಪಿನ ಬಾಯಿಗೆ ಗಾಳಿ ಬಿಡುವುದನ್ನು ಅಂದಿನಿಂದ ತಪ್ಪಿಸಿಲ್ಲ.

ಪಂಪ್ ಓಡುತ್ತಿರುವಷ್ಟು ಹೊತ್ತು ಬೆಳಗುವ ದೀಪಕ್ಕೆ ಈ ಯಂತ್ರ ಧಾರಾಳವಾಗಿ ಸಾಕು. ಗಾಳಿಯ ಬದಲು ವೆಲ್ಡಿಂಗ್ ಅಂಗಡಿಯ ಆರ್ಗಾನನ್ನು ನೀಡಲ್ ವಾಲ್ವಿನಿಂದ ಹರಿಸಿದಾಗ ನಳಿಕೆ ತಿಳಿ ನೇರಳೆಗೆ ತಿರುಗಿದ್ದನ್ನು ನೋಡುತ್ತಾ ಒಂದು ಸಂಜೆಯನ್ನೇ ಕಳೆದಿದ್ದೇನೆ. ಆದರೆ ಬಾಯಿ ಮುಚ್ಚಿ ಬೆಸೆದು ಇಟ್ಟುಕೊಳ್ಳುವ ದೀಪದ ಮಾತು ಬೇರೆ. ಆರ್ಗಾನ್ ತುಂಬಿ ಬೆಸೆದ ನನ್ನ ನಳಿಕೆ ಎರಡೇ ವಾರದಲ್ಲಿ ಗುಲಾಬಿಗೆ ತಿರುಗಿ ಮಂಕಾಯಿತು, ಏಕೆಂದರೆ ಗಾಜಿನ ಒಳಮೈಗೆ ಅಂಟಿದ ನೀರಿನ ಅಂಶ ನಿಧಾನವಾಗಿ ಬಿಡುಗಡೆಯಾಗುತ್ತಲೇ ಇರುತ್ತದೆ. ನಿಯಾನ್ ಬೋರ್ಡ್ ಮಾಡುವವರು ಇದಕ್ಕಾಗಿಯೇ ನಳಿಕೆಯನ್ನು 200 ಡಿಗ್ರಿಗೂ ಮೇಲೆ ಕಾಯಿಸುತ್ತಾ ಗಾಳಿ ಎಳೆದು, ಆಮೇಲೆ ಶುದ್ಧ ಅನಿಲ ತುಂಬುತ್ತಾರೆ. ಅಂಥ ದೀಪವೇ ಗುರಿಯಾದರೆ ಈ ಪಂಪಿನ ಜೊತೆ ನಳಿಕೆ ಕಾಯಿಸುವ ಒಲೆ ಬೇಕು, ಒಳ್ಳೆಯ ಗೇಜೂ ಬೇಕು.

ಕೊಳ್ಳುವವರು ಅಂಗಡಿಯಲ್ಲಿಯೇ ಮೈಕ್ರಾನ್ ಗೇಜನ್ನು, ನಡುವೆ ಯಾವ ಹೋಸೂ ಇಲ್ಲದಂತೆ, ಪಂಪಿನ ಬಾಯಿಗೆ ನೇರವಾಗಿ ಸಿಕ್ಕಿಸಿ ಹತ್ತು ನಿಮಿಷ ಓಡಿಸಿ ನೋಡಿ. 50ರ ಕೆಳಗೆ ಇಳಿದರೆ ತೆಗೆದುಕೊಳ್ಳಿ. ಓಡಿಸಲು ಬಿಡದಿದ್ದರೆ ಬೇರೆ ಅಂಗಡಿ ನೋಡಿ; ಒಂದು ಬಾಟಲಿ ಎಣ್ಣೆಯನ್ನು ಮಾತ್ರ ಅಂದೇ ಹೆಚ್ಚಿಗೆ ತಂದಿಟ್ಟುಕೊಳ್ಳಿ.